ನನ್ನ ಝಕಾತಿನ ಲೆಕ್ಕಕ್ಕೆ ನಾನೇ ಕೂತಾಗ

ಝಕಾತ್, ಅಂದರೆ ಉಳ್ಳ ಮುಸ್ಲಿಮರು ವರ್ಷಕ್ಕೊಮ್ಮೆ ತಮ್ಮ ಸಂಪತ್ತಿನಿಂದ ಕೊಡಲೇಬೇಕಾದ ಪಾಲು. ಆ ಹೆಸರು ಹೇಳಿದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಶೇಕಡಾ ಎರಡೂವರೆ. ನಲವತ್ತರಲ್ಲಿ ಒಂದು ಪಾಲು. ಒಂದು ಲಕ್ಷಕ್ಕೆ ಎರಡೂವರೆ ಸಾವಿರ. ಈ ಲೆಕ್ಕ ಮಕ್ಕಳಿಗೂ ಬರುತ್ತದೆ. ಕಷ್ಟ ಇರುವುದು ಅದಕ್ಕೂ ಮೊದಲು. ಯಾವ ದಿನ ಇರುವ ಹಣ? ಯಾವ ಒಡವೆ? ಕೊಟ್ಟ ಸಾಲ ಸೇರುತ್ತದಾ, ತೆಗೆದುಕೊಂಡ ಸಾಲ ಕಳೆಯಬೇಕಾ? ಈ ಪ್ರಶ್ನೆಗಳಿಗೆ ಉತ್ತರ ಸಿಗದೆ ಶೇಕಡಾ ಎರಡೂವರೆ ಗೊತ್ತಿದ್ದೂ ಪ್ರಯೋಜನ ಇಲ್ಲ.

ನನ್ನ ಝಕಾತನ್ನು ನನ್ನ ಒಪ್ಪಿಗೆ ಪಡೆದು ನಮ್ಮ ಮನೆಯವರೇ ಕೊಡುತ್ತಾ ಬಂದಿದ್ದರು. ಹಾಗೆ ಕೊಟ್ಟರೆ ಸಲ್ಲುತ್ತದೆ. ಆದರೆ ಇಸ್ಲಾಮಿನಲ್ಲಿ ಹೆಂಡತಿಯ ಆಸ್ತಿ ಹೆಂಡತಿಯದೇ. ಗಂಡನ ಆಸ್ತಿಯ ಜೊತೆ ಅದು ಬೆರೆಯುವುದಿಲ್ಲ. ನನ್ನ ಒಡವೆ, ನನ್ನ ಸಂಬಳದ ಉಳಿತಾಯ, ಇವುಗಳ ಝಕಾತಿಗೆ ಅಲ್ಲಾಹನ ಮುಂದೆ ಉತ್ತರ ಕೊಡಬೇಕಾದವಳು ನಾನು. ಕುರ್‌ಆನಿನ 70ನೇ ಅಧ್ಯಾಯ ಅಲ್‌ ಮಆರಿಜ್‌ನಲ್ಲಿ ಒಳ್ಳೆಯ ಜನರ ಬಗ್ಗೆ ಹೇಳುವಾಗ, ಅವರ ಸಂಪತ್ತಿನಲ್ಲಿ ಬೇಡುವವರಿಗೂ ಇಲ್ಲದವರಿಗೂ ಗೊತ್ತುಪಡಿಸಿದ ಹಕ್ಕು ಇದೆ ಎಂದಿದೆ. ಓದಿದಾಗಲೆಲ್ಲ ಈ ಮಾತು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ನನ್ನ ಕೈಯಲ್ಲಿರುವ ಹಣದಲ್ಲಿ ಇನ್ನೊಬ್ಬರ ಪಾಲು ಈಗಾಗಲೇ ಇದೆ. ಅದು ಎಷ್ಟು ಅಂತ ತಿಳಿದುಕೊಳ್ಳದೆ ನಾನು ಕೊಡುವುದಾದರೂ ಹೇಗೆ? ಹಾಗಾಗಿ ಈ ಸಲದ ಲೆಕ್ಕ ನಾನೇ ಹಾಕುತ್ತೇನೆ ಅಂತ ಹೇಳಿ ಕೂತೆ. ತಿಳಿಯದ ಕಡೆ ನಮಗೆ ಕುರ್‌ಆನ್ ಪಾಠ ಮಾಡುವ ಆಲಿಮಾ (ಧರ್ಮ ವಿದ್ವಾಂಸೆ) ಆಪಾ ಅವರನ್ನು ಕೇಳಿದೆ. ಆಪಾ ಅಂದರೆ ಅಕ್ಕ. ನಾನು ಅನುಸರಿಸುವುದು ಹನಫೀ ಮದ್‌ಹಬ್, ಅಂದರೆ ಇಸ್ಲಾಮಿನ ವಿಧಿನಿಯಮಗಳನ್ನು ವಿವರಿಸುವ ನಾಲ್ಕು ಪಂಥಗಳಲ್ಲಿ ಒಂದು. ಇಲ್ಲಿ ಬರೆದಿರುವ ಹೆಚ್ಚಿನ ನಿರ್ಧಾರಗಳು ಅದರಂತೆಯೇ ಇವೆ. ಬೇರೆ ಮದ್‌ಹಬ್‌ನವರಿಗೆ ಎಲ್ಲಿ ವ್ಯತ್ಯಾಸ ಆಗುತ್ತದೆ ಅಂತ ಗೊತ್ತಿರುವ ಕಡೆ ಹೇಳಿದ್ದೇನೆ.

ಆಪಾ ಕೇಳಿದ ಮೊದಲ ಪ್ರಶ್ನೆ, "ನಿನ್ನ ತಾರೀಖು ಯಾವುದು?"

"ರಮಝಾನ್‌ನಲ್ಲಿ ಕೊಡುತ್ತೇವೆ ಆಪಾ."

"ಕೊಡುವ ತಿಂಗಳು ಕೇಳಲಿಲ್ಲ ಮಗಳೇ. ನೀನು ಮೊದಲ ಸಲ ನಿಸಾಬಿನ ಒಡತಿ ಆದ ದಿನ ಯಾವುದು?"

ನಿಸಾಬ್ ಅಂದರೆ ಝಕಾತ್ ಕಡ್ಡಾಯವಾಗಲು ಇರಬೇಕಾದ ಕನಿಷ್ಠ ಸಂಪತ್ತು. ಅಷ್ಟು ಸಂಪತ್ತು ಕೈಗೆ ಬಂದ ದಿನದಿಂದ ಒಂದು ಚಾಂದ್ರ ವರ್ಷ ಎಣಿಸಬೇಕು. ಇದನ್ನು ಹೌಲ್ ಅನ್ನುತ್ತಾರೆ. ವರ್ಷ ತುಂಬುವ ಆ ತಾರೀಖೇ ಪ್ರತಿಯೊಬ್ಬರ ಸ್ವಂತ ಝಕಾತಿನ ದಿನ. ಅದು ರಮಝಾನ್‌ನಲ್ಲೇ ಬರಬೇಕು ಅಂತ ಇಲ್ಲ. ನನಗೆ ತಾರೀಖು ಸುಲಭವಾಗಿ ಸಿಕ್ಕಿತು. ಮದುವೆಯ ದಿನವೇ ಮಹರ್ (ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡುವ ಧನ) ಮತ್ತು ಒಡವೆ ಸೇರಿ ನಿಸಾಬ್ ದಾಟಿತ್ತು. ನಿಕಾಹ್‌ನಾಮೆಯಲ್ಲಿ (ಮದುವೆ ಪತ್ರ) ಹಿಜರಿ, ಅಂದರೆ ಇಸ್ಲಾಮಿನ ಚಾಂದ್ರ ಕ್ಯಾಲೆಂಡರಿನ, ತಾರೀಖೂ ಬರೆದಿತ್ತು, ರಜಬ್ 12. ಎಲ್ಲರಿಗೂ ಹೀಗೆ ಸಿಗುವುದಿಲ್ಲ. ಹಳೆಯ ಬ್ಯಾಂಕ್ ಪುಸ್ತಕ, ಒಡವೆಯ ಬಿಲ್ಲು ನೋಡಿ ಹುಡುಕಬೇಕು. ಏನು ಮಾಡಿದರೂ ನೆನಪಾಗದಿದ್ದರೆ ಚೆನ್ನಾಗಿ ಯೋಚಿಸಿ, ಇದೇ ಇರಬೇಕು ಅನ್ನಿಸುವ ಒಂದು ಹಿಜರಿ ತಾರೀಖನ್ನು ಗಟ್ಟಿ ಮಾಡಿಕೊಂಡು ಮುಂದೆ ಅದನ್ನೇ ಪಾಲಿಸಬೇಕು ಅಂತ ಆಪಾ ಹೇಳಿದರು.

ರಜಬ್ ಆದ ಮೇಲೆ ಶಅಬಾನ್, ಅದಾದ ಮೇಲೆ ರಮಝಾನ್. ರಮಝಾನ್‌ನಲ್ಲಿ ಪುಣ್ಯ ಜಾಸ್ತಿ ಅಂತ ಅಲ್ಲಿಯವರೆಗೆ ಕಾಯಬಹುದಾ ಎಂದು ಕೇಳಿದೆ. ರಜಬ್‌ನಲ್ಲಿ ಕಡ್ಡಾಯವಾದದ್ದನ್ನು ಕಾರಣ ಇಲ್ಲದೆ ತಡೆದಿಟ್ಟುಕೊಳ್ಳುವುದು ಸರಿಯಲ್ಲ ಅಂದರು. ಮುಂಚಿತವಾಗಿ ಕೊಡುವುದಕ್ಕೆ ಅಡ್ಡಿ ಇಲ್ಲ. ರಮಝಾನ್‌ನಲ್ಲೇ ಕೊಡಬೇಕು ಅಂತ ಆಸೆ ಇದ್ದರೆ, ಬರುವ ರಜಬ್‌ನ ಝಕಾತಿನ ಪಾಲೆಂದು ಹಿಂದಿನ ರಮಝಾನ್‌ನಲ್ಲೇ ಕೊಟ್ಟು, ತಾರೀಖು ಬಂದಾಗ ಸರಿಯಾಗಿ ಲೆಕ್ಕ ಹಾಕಿ ಕಡಿಮೆ ಬಿದ್ದದ್ದನ್ನು ತುಂಬಬಹುದು. ಹಸಿದವರು ರಮಝಾನ್ ಒಂದರಲ್ಲೇ ಹಸಿದಿರುವುದಿಲ್ಲವಲ್ಲ. ಎಲ್ಲರ ಝಕಾತೂ ಒಂದೇ ತಿಂಗಳಲ್ಲಿ ಬಂದು, ಉಳಿದ ತಿಂಗಳುಗಳು ಖಾಲಿ ಉಳಿಯುವುದಕ್ಕಿಂತ ಒಬ್ಬೊಬ್ಬರ ತಾರೀಖು ಒಂದೊಂದು ಕಡೆ ಇರುವುದೇ ಒಳ್ಳೆಯದು ಅಂತ ನನ್ನ ಅನಿಸಿಕೆ.

ಚಾಂದ್ರ ವರ್ಷವನ್ನು ಯಾಕೆ ಬಿಡಬಾರದು ಅನ್ನುವುದಕ್ಕೂ ಒಂದು ಸರಳ ಲೆಕ್ಕ ಇದೆ. ಅದರಲ್ಲಿ 354 ಅಥವಾ 355 ದಿನ ಇರುತ್ತವೆ. ನಾವು ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನ ವರ್ಷಕ್ಕಿಂತ ಸುಮಾರು 11 ದಿನ ಕಮ್ಮಿ. ಪ್ರತಿ ವರ್ಷ ಮಾರ್ಚ್ ಕೊನೆಗೋ ಜನವರಿ ಮೊದಲಿಗೋ ಲೆಕ್ಕ ಹಾಕುತ್ತಾ ಹೋದರೆ ಸುಮಾರು 33 ವರ್ಷದಲ್ಲಿ ಒಂದು ಇಡೀ ವರ್ಷದ ಝಕಾತ್ ಬಿಟ್ಟುಹೋಗುತ್ತದೆ. ವ್ಯಾಪಾರದ ಖಾತೆಯ ಕಾರಣಕ್ಕೆ ಇಂಗ್ಲಿಷ್ ತಾರೀಖನ್ನೇ ಹಿಡಿಯಬೇಕಾದವರಿಗೆ ಶೇಕಡಾ 2.5ರ ಬದಲು ಸುಮಾರು 2.577 ಕೊಡಿ ಅಂತ ಈಗಿನ ವಿದ್ವಾಂಸರು ಹೇಳುವುದು ಇದಕ್ಕೇ.

ತಾರೀಖು ಸಿಕ್ಕ ಮೇಲೆ ನಿಸಾಬ್. ಪ್ರವಾದಿಯವರ ಕಾಲದಲ್ಲಿ ಇದು ಚಿನ್ನದಲ್ಲಿ 20 ದೀನಾರ್, ಬೆಳ್ಳಿಯಲ್ಲಿ 200 ದಿರ್ಹಮ್. ಈಗಿನ ತೂಕಕ್ಕೆ ತಂದಾಗ ಚಿನ್ನಕ್ಕೆ 85 ಗ್ರಾಂ, ಬೆಳ್ಳಿಗೆ 595 ಗ್ರಾಂ ಅಂತ ಹಲವರು ಹೇಳುತ್ತಾರೆ. ತೊಲದ ಲೆಕ್ಕ ಹಿಡಿಯುವ ನಮ್ಮ ಹನಫೀ ವಿದ್ವಾಂಸರಲ್ಲಿ ಚಿನ್ನ ಏಳೂವರೆ ತೊಲ, ಅಂದರೆ 87.48 ಗ್ರಾಂ. ಬೆಳ್ಳಿ ಐವತ್ತೆರಡೂವರೆ ತೊಲ, ಅಂದರೆ 612.36 ಗ್ರಾಂ. ಈ ಸಣ್ಣ ವ್ಯತ್ಯಾಸ ದೊಡ್ಡ ತಲೆನೋವಲ್ಲ. ನಿಜವಾದ ಪ್ರಶ್ನೆ, ಹಣಕ್ಕೆ ಯಾವುದರ ನಿಸಾಬ್ ಹಿಡಿಯುವುದು ಎಂಬುದು. ಅಂದು 20 ದೀನಾರ್ ಮತ್ತು 200 ದಿರ್ಹಮ್ ಬೆಲೆಯಲ್ಲಿ ಹೆಚ್ಚುಕಮ್ಮಿ ಸಮ ಇದ್ದವು. ಆಮೇಲೆ ಬೆಳ್ಳಿಯ ಬೆಲೆ ಚಿನ್ನದ ಮುಂದೆ ತೀರಾ ಕುಸಿಯಿತು. ಇಂದು ಚಿನ್ನದ ನಿಸಾಬ್ ಬೆಳ್ಳಿಯದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಬೆಳ್ಳಿಯನ್ನು ಹಿಡಿದರೆ ಸಣ್ಣ ಉಳಿತಾಯ ಇರುವವರ ಮೇಲೂ ಝಕಾತ್ ಬರುತ್ತದೆ. ಚಿನ್ನವನ್ನು ಹಿಡಿದರೆ ಸಾಕಷ್ಟು ಇರುವವರೂ ಹೊರಗೆ ಉಳಿಯಬಹುದು. ಬಡವರಿಗೆ ಲಾಭ ಆಗುವ ಕಡೆ ಇರಲಿ ಅಂತ ಹನಫೀ ವಿದ್ವಾಂಸರು ಸಾಮಾನ್ಯವಾಗಿ ಬೆಳ್ಳಿಯನ್ನು ಹೇಳುತ್ತಾರೆ. ಇಂದಿನ ವಿದ್ವಾಂಸರಲ್ಲಿ ಕೆಲವರು ಚಿನ್ನವೇ ಸರಿಯಾದ ಅಳತೆ ಅನ್ನುತ್ತಾರೆ.

ನನ್ನ ವಿಷಯದಲ್ಲಿ ಎರಡನ್ನೂ ದಾಟಿದ್ದರಿಂದ ಈ ಚರ್ಚೆ ಬೇಕಾಗಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಸ್ವಲ್ಪ ಚಿನ್ನ ಮಾತ್ರ ಇದ್ದು, ಅದು ಏಳೂವರೆ ತೊಲಕ್ಕಿಂತ ಕಮ್ಮಿ ಇದೆ, ಹಾಗಾಗಿ ನನಗೆ ಝಕಾತ್ ಇಲ್ಲ ಅಂತ ಎಷ್ಟೋ ಹೆಂಗಸರು ಅಂದುಕೊಂಡಿರುತ್ತಾರೆ. ಚಿನ್ನ ಒಂದೇ ಇದ್ದರೆ ಆ ಮಾತು ಸರಿ. ಜೊತೆಗೆ ಸ್ವಲ್ಪ ಹಣವೋ ಬೆಳ್ಳಿಯೋ ಇದ್ದರೆ ಹನಫೀ ಮದ್‌ಹಬ್‌ನಲ್ಲಿ ಎಲ್ಲದರ ಬೆಲೆ ಕೂಡಿಸಿ ಬೆಳ್ಳಿಯ ನಿಸಾಬಿಗೆ ಹೋಲಿಸಬೇಕು. ಆಗ ಮೂರು ನಾಲ್ಕು ತೊಲ ಚಿನ್ನ ಇರುವವರಿಗೂ ಝಕಾತ್ ಬರುತ್ತದೆ. ಇನ್ನೊಂದು ವಿಷಯ. ನಿಸಾಬ್ ದಾಟಿದ ಮೇಲೆ, ದಾಟಿದ ಭಾಗಕ್ಕೆ ಮಾತ್ರ ಝಕಾತ್ ಅಲ್ಲ. ಇಡೀ ಮೊತ್ತಕ್ಕೂ ಇದೆ. ಆದಾಯ ತೆರಿಗೆಯ ವಿನಾಯಿತಿಯ ಹಾಗೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಲೆಕ್ಕಕ್ಕೆ ಏನೆಲ್ಲ ಬರುವುದಿಲ್ಲ ಅಂತ ಮೊದಲು ಬರೆದಿಟ್ಟೆ. ಇರುವ ಮನೆ, ಓಡಿಸುವ ಗಾಡಿ, ಬಟ್ಟೆಬರೆ, ಪಾತ್ರೆ, ಫ್ರಿಜ್, ಫೋನು, ಕೆಲಸಕ್ಕೆ ಬೇಕಾದ ಲ್ಯಾಪ್‌ಟಾಪ್. ಇವಕ್ಕೆ ಝಕಾತ್ ಇಲ್ಲ. ವಜ್ರ, ಮುತ್ತು, ಹರಳುಗಳಿಗೂ ಇಲ್ಲ, ಅವನ್ನು ವ್ಯಾಪಾರಕ್ಕೆ ಇಟ್ಟಿಲ್ಲದಿದ್ದರೆ. ಬಾಡಿಗೆಗೆ ಕೊಟ್ಟ ಕಟ್ಟಡದ ಬೆಲೆಯ ಮೇಲೆ ಇಲ್ಲ, ಬಂದ ಬಾಡಿಗೆಯಲ್ಲಿ ಉಳಿದಿರುವ ಹಣದ ಮೇಲೆ ಇದೆ.

ಒಡವೆಯ ವಿಷಯಕ್ಕೇ ನಾನು ಹೆಚ್ಚು ಹೊತ್ತು ಕೂತಿದ್ದು. ಹನಫೀ ಮದ್‌ಹಬ್‌ನಲ್ಲಿ ಚಿನ್ನ ಬೆಳ್ಳಿ ಯಾವ ರೂಪದಲ್ಲಿದ್ದರೂ, ದಿನಾ ಹಾಕಿಕೊಂಡರೂ ಝಕಾತ್ ಇದೆ. ಶಾಫಿಈ, ಮಾಲಿಕೀ, ಹಂಬಲೀ ಮದ್‌ಹಬ್‌ಗಳಲ್ಲಿ ಹೆಂಗಸು ತೊಡಲೆಂದು ಇಟ್ಟುಕೊಂಡ, ಮಿತಿಯೊಳಗಿನ ಒಡವೆಗೆ ಇಲ್ಲ. ನನ್ನ ಗೆಳತಿ ಶಾಫಿಈ. "ನನಗೆ ಬಳೆಗೆ ಕೊಡೋದಿಲ್ಲ, ನಿನಗೆ ಕೊಡಬೇಕು, ಇದು ಹೇಗೆ?" ಅಂತ ಅವಳು ಕೇಳಿದಾಗ ಇಬ್ಬರೂ ಸೇರಿ ಆಪಾರನ್ನು ಕೇಳಿದೆವು. ಅವರು ಎರಡೂ ಕಡೆಯ ಆಧಾರ ಹೇಳಿದರು. ಅಬೂ ದಾವೂದ್ ಸಂಗ್ರಹದಲ್ಲಿ ಒಂದು ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಇದೆ. ಒಬ್ಬ ಹೆಂಗಸು ಮಗಳೊಂದಿಗೆ ಪ್ರವಾದಿಯವರ ಬಳಿ ಬಂದಳು. ಮಗಳ ಕೈಯಲ್ಲಿ ದಪ್ಪನೆಯ ಎರಡು ಚಿನ್ನದ ಬಳೆ. ಇವುಗಳ ಝಕಾತ್ ಕೊಡುತ್ತೀಯಾ ಎಂದು ಅವರು ಕೇಳಿದರು. ಇಲ್ಲ ಅಂದಳು. ಕಿಯಾಮತ್ ದಿನ, ಅಂದರೆ ಅಂತಿಮ ತೀರ್ಪಿನ ದಿನ, ಇವುಗಳ ಬದಲಿಗೆ ಬೆಂಕಿಯ ಬಳೆ ತೊಡಿಸಿದರೆ ನಿನಗೆ ಇಷ್ಟವಾ ಎಂದರು. ಅವಳು ಅಲ್ಲೇ ಬಳೆ ಬಿಚ್ಚಿ ಮುಂದಿಟ್ಟಳು. ಇನ್ನೊಂದು ಕಡೆ, ಪ್ರವಾದಿಯವರ ಪತ್ನಿ ಆಯಿಶಾ ತಮ್ಮ ಸಹೋದರನ ತಬ್ಬಲಿ ಹೆಣ್ಣುಮಕ್ಕಳನ್ನು ಸಾಕುತ್ತಿದ್ದರು, ಆ ಮಕ್ಕಳ ಒಡವೆಗೆ ಝಕಾತ್ ತೆಗೆಯುತ್ತಿರಲಿಲ್ಲ ಎಂಬ ವರದಿ ಇಮಾಮ್ ಮಾಲಿಕರ ಮುವತ್ತಾ ಎಂಬ ಗ್ರಂಥದಲ್ಲಿದೆ. ಎರಡು ದಾರಿಗೂ ಬೇರು ಇದೆ. ತನ್ನ ಮದ್‌ಹಬ್ ಯಾವುದೋ ಅದರಂತೆ ನಡೆಯುವುದು, ಲಾಭ ಇರುವ ಕಡೆ ಮಾತ್ರ ದಾಟಿಕೊಳ್ಳದಿರುವುದು, ಇಷ್ಟೇ ಅವರು ಹೇಳಿದ್ದು. ಆಮೇಲೆ ಗೆಳತಿಯ ಕಡೆ ತಿರುಗಿ, "ನೀನು ತೊಡದೆ ಸುಮ್ನೆ ಹಣದ ಬದಲು ಅಂತ ಲಾಕರಿನಲ್ಲಿಟ್ಟ ಬಿಸ್ಕೆಟ್‌ಗೂ ನಾಣ್ಯಕ್ಕೂ ನಿನಗೂ ಝಕಾತ್ ಇದೆ, ಮರೀಬೇಡ" ಅಂದರು.

ತೂಕಕ್ಕೆ ಬಿಲ್ಲುಗಳನ್ನು ಹುಡುಕಿದೆ. ಬಿಲ್ಲಿನಲ್ಲಿ ಒಟ್ಟು ತೂಕ ಬೇರೆ, ನಿವ್ವಳ ತೂಕ ಬೇರೆ ಇರುತ್ತದೆ. ಹರಳು, ಅರಗು ಕಳೆದು ಉಳಿಯುವ ಚಿನ್ನದ ತೂಕ ನಮಗೆ ಬೇಕು. ಬಿಲ್ಲು ಇಲ್ಲದ ಹಳೆಯ ಒಡವೆಗಳನ್ನು ಅಕ್ಕಸಾಲಿಗರ ಬಳಿ ತೂಗಿಸಿದೆ. ಹರಳು ಬಿಡಿಸಲು ಆಗದ ಕಡೆ ಅವರು ಅಂದಾಜು ಹೇಳಿದರು. ಆ ಅಂದಾಜಿನಲ್ಲಿ ಚಿನ್ನ ಸ್ವಲ್ಪ ಜಾಸ್ತಿ ಬರುವಂತೆ ಹಿಡಿದೆ. ಅನುಮಾನ ಬಂದಲ್ಲೆಲ್ಲ ಬಡವರ ಕಡೆಗೆ ವಾಲುವುದು ಅಂತ ಮೊದಲೇ ತೀರ್ಮಾನಿಸಿದ್ದೆ. ಕ್ಯಾರಟ್ ಪ್ರಕಾರ ಬೇರೆ ಬೇರೆ ಬರೆದುಕೊಳ್ಳುವುದು ಮುಖ್ಯ. 22 ಕ್ಯಾರಟ್ ಅಂದರೆ 24ರಲ್ಲಿ 22 ಪಾಲು ಚಿನ್ನ. 18 ಕ್ಯಾರಟ್ ಅಂದರೆ ಮುಕ್ಕಾಲು ಪಾಲು. ಎಲ್ಲವನ್ನೂ ಒಂದೇ ದರಕ್ಕೆ ಹಾಕಬಾರದು.

ಒಂದು ಉದಾಹರಣೆ ಹೇಳುತ್ತೇನೆ. ಒಟ್ಟು ತೂಕ 128 ಗ್ರಾಂ, ಹರಳು ಮತ್ತು ಅರಗು 8 ಗ್ರಾಂ ಇದ್ದರೆ ಉಳಿಯುವುದು 120 ಗ್ರಾಂ. ಅದನ್ನು 40ರಿಂದ ಭಾಗಿಸಿದರೆ 3 ಗ್ರಾಂ. ಝಕಾತಿನ ದಿನ ಮಾರುಕಟ್ಟೆಯಲ್ಲಿ 22 ಕ್ಯಾರಟ್ ಚಿನ್ನದ ದರ ಎಷ್ಟಿದೆಯೋ ಆ ದರದಲ್ಲಿ 3 ಗ್ರಾಂ ಚಿನ್ನದ ಬೆಲೆ ಕೊಟ್ಟರಾಯಿತು. ಕೊಂಡಾಗ ಕೊಟ್ಟ ಬೆಲೆ ಇಲ್ಲಿ ಬರುವುದಿಲ್ಲ. ಮಜೂರಿ, ಸವಕಲು ಸೇರುವುದಿಲ್ಲ. ಬೆಳ್ಳಿಯ ಕಾಲ್ಗೆಜ್ಜೆ, ತಟ್ಟೆ, ಲೋಟ ಇದ್ದರೆ ಅವನ್ನೂ ಹೀಗೇ ತೂಗಿ ಸೇರಿಸಬೇಕು.

ಹೀಗೆ ಬರೆಯುತ್ತಾ ಹೋದಾಗ ಮಗಳಿಗೆಂದು ಎತ್ತಿಟ್ಟ ಒಡವೆಯ ಪ್ರಶ್ನೆ ಬಂತು. ಅದು ಯಾರದು? ಮಗಳದು ಅಂತ ಬಾಯಲ್ಲಿ ಹೇಳುತ್ತೇವೆ. ಆದರೆ ನನಗೆ ತುರ್ತು ಬಿದ್ದರೆ ಮಾರುವ ಹಕ್ಕನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಅದು ನನ್ನದೇ. ಝಕಾತೂ ನನ್ನದೇ. ನಿಜವಾಗಿ ಅವಳಿಗೆ ದಾನ ಮಾಡಿ ಒಡೆತನ ಬಿಟ್ಟುಕೊಟ್ಟಿದ್ದರೆ ಅವಳದು. ಆಗ ಮಗು ಪ್ರಾಯಕ್ಕೆ ಬರುವವರೆಗೆ ಹನಫೀ ಮದ್‌ಹಬ್‌ನಲ್ಲಿ ಅದಕ್ಕೆ ಝಕಾತ್ ಇಲ್ಲ. ಶಾಫಿಈ ಸೇರಿ ಉಳಿದ ಮೂರು ಮದ್‌ಹಬ್‌ಗಳಲ್ಲಿ ಮಕ್ಕಳ ಸಂಪತ್ತಿಗೂ ಇದೆ, ಪೋಷಕರು ಅದರಿಂದಲೇ ತೆಗೆದು ಕೊಡಬೇಕು. ನಾನು ಯೋಚಿಸಿ ನೋಡಿದೆ. ಆ ಒಡವೆಯನ್ನು ಮಗಳ ಕೈಗೆ ದಾಟಿಸಿಲ್ಲ, ದಾಟಿಸುವ ಮನಸ್ಸೂ ಇನ್ನೂ ಆಗಿಲ್ಲ. ಹಾಗಾಗಿ ಅದನ್ನು ನನ್ನ ಪಟ್ಟಿಯಲ್ಲೇ ಬರೆದೆ.

ಹಣದ ಲೆಕ್ಕದಲ್ಲಿ ಹೊತ್ತು ಮುಖ್ಯ. ಇಸ್ಲಾಮಿನಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ರಜಬ್ 11ರ ಸಂಜೆ ಮಗ್ರಿಬ್ ಆದ ಕೂಡಲೇ ಫೋನಿನಲ್ಲಿ ಎಲ್ಲ ಖಾತೆಗಳ ಬಾಕಿ ನೋಡಿ ಬರೆದುಕೊಂಡೆ. ಪರ್ಸಿನಲ್ಲಿದ್ದದ್ದು, ಕಪಾಟಿನ ಡಬ್ಬಿಯಲ್ಲಿದ್ದದ್ದು, ವ್ಯಾಲೆಟ್ ಆ್ಯಪ್‌ನಲ್ಲಿದ್ದದ್ದು, ಮನೆಯಲ್ಲಿ ಮಿಕ್ಕಿದ್ದ ವಿದೇಶಿ ನೋಟು, ಎಲ್ಲವೂ ಸೇರಿತು. ಹಜ್‌ಗೆ, ಮನೆಗೆ, ಮಕ್ಕಳ ಓದಿಗೆ ಅಂತ ಎತ್ತಿಟ್ಟ ಹಣವೂ ಸೇರುತ್ತದೆ. ಏನಕ್ಕೆ ಇಟ್ಟಿದ್ದೇವೆ ಅನ್ನುವುದು ಲೆಕ್ಕವನ್ನು ಬದಲಿಸುವುದಿಲ್ಲ, ಇನ್ನೂ ಖರ್ಚಾಗದೆ ಕೈಯಲ್ಲಿದೆ ಅನ್ನುವುದೇ ಮುಖ್ಯ.

ಕೆಲವೇ ದಿನಗಳ ಹಿಂದೆ ಖಾತೆಗೆ ಬಂದ ಹಣಕ್ಕೆ ವರ್ಷ ತುಂಬಿಲ್ಲವಲ್ಲ ಅಂತ ಅನ್ನಿಸುವುದು ಸಹಜ. ಹನಫೀ ಮದ್‌ಹಬ್‌ನಲ್ಲಿ ನಿಸಾಬ್ ಇರುವವರಿಗೆ ವರ್ಷದ ನಡುವೆ ಬಂದ ಹಣ ಹಳೆಯದರ ಜೊತೆ ಸೇರಿಕೊಳ್ಳುತ್ತದೆ. ವರ್ಷದ ಮೊದಲ ದಿನ ಮತ್ತು ಕೊನೆಯ ದಿನ ನಿಸಾಬ್ ಇದ್ದರೆ ಸಾಕು. ನಡುವೆ ಪೂರ್ತಿ ಬರಿದಾಗದೆ ಏರಿಳಿದರೆ ತೊಂದರೆ ಇಲ್ಲ. ಹಾಗಾಗಿ ನನ್ನ ಲೆಕ್ಕ ಒಂದೇ ದಿನದ ಲೆಕ್ಕ. ಗೆಳತಿಗೆ ಹಾಗಲ್ಲ. ಶಾಫಿಈಯಲ್ಲಿ ಹೊಸದಾಗಿ ಬಂದ ಪ್ರತಿ ಸಂಬಳಕ್ಕೂ ಅದರದೇ ವರ್ಷ. ಪ್ರತಿ ತಿಂಗಳೂ ಬೇರೆ ಬೇರೆ ಎಣಿಸುವುದು ಕಷ್ಟ ಅಂತ ಅವಳು ಒಂದು ದಿನ ಗೊತ್ತು ಮಾಡಿಕೊಂಡು, ವರ್ಷ ತುಂಬದ ಹಣಕ್ಕೂ ಮುಂಗಡವಾಗಿ ಕೊಟ್ಟುಬಿಡುತ್ತಾಳೆ.

ಬ್ಯಾಂಕು ಹಾಕಿದ್ದ ಬಡ್ಡಿಯನ್ನು ಬೇರೆ ಬರೆದೆ. ಅದು ನನ್ನ ಸಂಪತ್ತೇ ಅಲ್ಲ. ಅದರ ಶೇಕಡಾ ಎರಡೂವರೆ ಕೊಟ್ಟರೆ ಉಳಿದದ್ದು ಶುದ್ಧ ಆಗುವುದಿಲ್ಲ. ಪೂರ್ತಿಯಾಗಿ, ಪುಣ್ಯದ ಆಸೆ ಇಲ್ಲದೆ ಬಡವರಿಗೆ ಕೊಟ್ಟು ಕೈ ತೊಳೆದುಕೊಳ್ಳಬೇಕು. ಅದನ್ನು ಝಕಾತಿನ ಬಾಬ್ತಿಗೆ ಹಿಡಿಯುವ ಹಾಗಿಲ್ಲ. ಸರ್ಕಾರಕ್ಕೆ ಕಟ್ಟಿದ ತೆರಿಗೆಯನ್ನೂ ಝಕಾತ್ ಅಂತ ಎಣಿಸುವ ಹಾಗಿಲ್ಲ.

ಆಮೇಲೆ ಕೊಟ್ಟ ಸಾಲ. ತಮ್ಮನಿಗೆ ಸ್ವಲ್ಪ ಹಣ ಕೊಟ್ಟಿದ್ದೆ. ಕೊಡುತ್ತಾನೆ, ಆದರೆ ಯಾವಾಗ ಅಂತ ಗೊತ್ತಿಲ್ಲ. ವಾಪಸ್ ಬರುವ ನಂಬಿಕೆ ಇರುವ ಸಾಲಕ್ಕೆ ಝಕಾತ್ ಇದೆ. ಕೈಗೆ ಬಂದ ಮೇಲೆ ಹಿಂದಿನ ವರ್ಷಗಳದ್ದನ್ನೂ ಸೇರಿಸಿ ಕೊಡಬಹುದು, ಅಥವಾ ವರ್ಷ ವರ್ಷವೂ ಕೊಡುತ್ತಾ ಹೋಗಬಹುದು. ನಾನು ಎರಡನೆಯದನ್ನು ಆರಿಸಿಕೊಂಡೆ. ಒಮ್ಮೆಲೇ ನಾಲ್ಕೈದು ವರ್ಷದ್ದು ಕೊಡುವಾಗ ಕೈ ಹಿಂಜರಿಯಬಾರದು ಅಂತ. ಬಾಡಿಗೆ ಮನೆಗೆ ಕೊಟ್ಟ ಮುಂಗಡದ ಬಗ್ಗೆ ವಿದ್ವಾಂಸರಲ್ಲಿ ಎರಡು ಮಾತಿದೆ. ಅದೂ ವಾಪಸ್ ಬರುವ ಹಣವೇ ಅಂತ ಸೇರಿಸಿದೆ. ಇನ್ನೂ ಕೈಗೆ ಬಾರದ ಬಾಕಿ ಮಹರ್‌ಗೆ ಮಾತ್ರ ಹನಫೀ ಮದ್‌ಹಬ್‌ನಲ್ಲಿ ಝಕಾತ್ ಇಲ್ಲ. ಬಂದ ಮೇಲೆ ಅದು ಮುಂದಿನ ಲೆಕ್ಕಕ್ಕೆ.

ನನ್ನ ಹೆಸರಿನಲ್ಲಿ ಒಂದು ನಿವೇಶನ ಇದೆ. ನನಗೆ ಅತಿ ಹೆಚ್ಚು ಯೋಚನೆ ಹತ್ತಿಸಿದ್ದು ಅದು. ಮನೆ ಕಟ್ಟಲೆಂದು ಕೊಂಡ ಜಾಗಕ್ಕೆ ಝಕಾತ್ ಇಲ್ಲ. ಮಾರಿ ಲಾಭ ಮಾಡಲೆಂದೇ ಕೊಂಡಿದ್ದರೆ ಅದು ವ್ಯಾಪಾರದ ಸರಕು. ಪ್ರತಿ ವರ್ಷ ಆ ದಿನದ ಬೆಲೆಗೆ ಪೂರ್ತಿ ಝಕಾತ್ ಇದೆ. ಕೊಳ್ಳುವಾಗ ಮನಸ್ಸಿನಲ್ಲಿ ಏನಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ. "ಕಟ್ಟೋಣ ಅಂತಲೇ ತಗೊಂಡಿದ್ದು, ಒಳ್ಳೆ ಬೆಲೆ ಬಂದರೆ ನೋಡೋಣ ಅಂತಲೂ ಅಂದುಕೊಂಡಿದ್ದೆವಲ್ಲ" ಅಂದರು ಮನೆಯವರು. ಹೀಗೆ ಎರಡು ಮನಸ್ಸಿದ್ದರೆ? ಗಟ್ಟಿಯಾದ ವ್ಯಾಪಾರದ ನಿಯ್ಯತ್ (ಉದ್ದೇಶ) ಇಲ್ಲದಿದ್ದರೆ ಅದು ಸರಕು ಆಗುವುದಿಲ್ಲ ಅಂದರು ಆಪಾ. ಜೊತೆಗೆ, "ಈ ಪ್ರಶ್ನೆಗೆ ನನ್ನ ಉತ್ತರ ನಿನ್ನ ಮಾತಿನ ಮೇಲೆ. ಒಳಗೆ ಏನಿತ್ತು ಅಂತ ನೀನೇ ನೋಡಿಕೋ" ಅಂದರು. ಆ ರಾತ್ರಿ ಬಹಳ ಯೋಚಿಸಿದೆ. ಮನೆಯ ನಕ್ಷೆ ಬರೆಸಿದ್ದು, ಕಟ್ಟಲು ದುಡ್ಡು ಕೂಡಿಸಿದ್ದು ಎಲ್ಲ ನೆನಪಾಯಿತು. ಅದು ಮನೆಗೆಂದೇ ಕೊಂಡ ಜಾಗ. ಮನಸ್ಸಿಗೆ ಸಮಾಧಾನ ಆದ ಮೇಲೆಯೇ ಪಟ್ಟಿಯಿಂದ ಬಿಟ್ಟೆ. ತೆರಿಗೆಯಲ್ಲಾದರೆ ಕಾಗದ ಸಾಕ್ಷಿ ಹೇಳುತ್ತದೆ. ಇಲ್ಲಿ ಸಾಕ್ಷಿ ನಾನೇ, ನೋಡುವವನು ಅಲ್ಲಾಹ್. ಈ ಲೆಕ್ಕದ ಭಾರವೂ ಅದೇ, ಚೆಂದವೂ ಅದೇ.

ಷೇರುಗಳನ್ನು ಬೇಗ ಮುಗಿಸಿದೆ. ಕೊಂಡು ಮಾರುವುದಕ್ಕೆಂದೇ ಇದ್ದರೆ ಆ ದಿನದ ಪೂರ್ತಿ ಮಾರುಕಟ್ಟೆ ಬೆಲೆಗೆ ಝಕಾತ್. ಲಾಭಾಂಶಕ್ಕಾಗಿ ವರ್ಷಗಟ್ಟಲೆ ಇಟ್ಟುಕೊಂಡಿದ್ದರೆ ಕಂಪನಿಯ ನಗದು, ಸರಕು, ಬರಬೇಕಾದ ಬಾಕಿ, ಇವುಗಳಲ್ಲಿ ನಮ್ಮ ಪಾಲು ಎಷ್ಟೋ ಅದಕ್ಕೆ. ಯಂತ್ರ, ಕಟ್ಟಡದ ಪಾಲಿಗೆ ಇಲ್ಲ. ಕಂಪನಿಯ ವಾರ್ಷಿಕ ವರದಿ ತೆಗೆದು ಇದನ್ನು ಬಿಡಿಸಬಹುದು. ನನ್ನ ಬಳಿ ಇದ್ದದ್ದು ಸ್ವಲ್ಪವೇ ಆದ್ದರಿಂದ ಪೂರ್ತಿ ಬೆಲೆಯನ್ನೇ ಹಿಡಿದೆ. ಸಂಬಳದಲ್ಲಿ ಕಡ್ಡಾಯವಾಗಿ ಕಡಿತವಾಗಿ, ಈಗ ನನ್ನ ಕೈಗೆ ಸಿಗದ ನಿವೃತ್ತಿ ನಿಧಿಗೆ, ಅದು ಕೈಗೆ ಬಂದ ಮೇಲೆ ಝಕಾತ್ ಅಂತ ಹನಫೀ ವಿದ್ವಾಂಸರಲ್ಲಿ ಹಲವರ ಮಾತು. ನಾನೇ ಇಷ್ಟಪಟ್ಟು ಜಾಸ್ತಿ ಕಟ್ಟಿದ ಭಾಗವನ್ನು ಸೇರಿಸಿದೆ.

ಇನ್ನು ಕಳೆಯುವ ಬಾಬ್ತು. ಹನಫೀ ಮದ್‌ಹಬ್‌ನಲ್ಲಿ ನಾವು ಕೊಡಬೇಕಾದ ಸಾಲವನ್ನು ಕಳೆಯಬಹುದು. ಶಾಫಿಈಯಲ್ಲಿ ಪ್ರಬಲ ಅಭಿಪ್ರಾಯದಂತೆ ಸಾಲ ಇದ್ದರೂ ಝಕಾತ್ ತಪ್ಪುವುದಿಲ್ಲ. ಆದರೆ ಇಪ್ಪತ್ತು ವರ್ಷದ ಮನೆ ಸಾಲವನ್ನು ಇಡಿಯಾಗಿ ಕಳೆದರೆ ದೊಡ್ಡ ಮನೆ, ದೊಡ್ಡ ಸಂಬಳ ಇರುವವರಿಗೂ ಝಕಾತ್ ಇಲ್ಲದೆ ಹೋಗುತ್ತದೆ. ಬಡವರ ಹಕ್ಕು ಅಂತ ಹೇಳಿ ಹಾಗೆ ಮಾಡುವುದು ಸರಿ ಕಾಣುವುದಿಲ್ಲ. ಇಂಥ ದೀರ್ಘಾವಧಿ ಸಾಲದಲ್ಲಿ ಈಗ ಕಟ್ಟಬೇಕಾಗಿ ಬಂದಿರುವ ಕಂತನ್ನು, ಹೆಚ್ಚೆಂದರೆ ಮುಂದಿನ ಒಂದು ವರ್ಷದ ಕಂತುಗಳನ್ನು ಮಾತ್ರ ಕಳೆಯಿರಿ ಅಂತ ಈಗಿನ ಹಲವು ವಿದ್ವಾಂಸರು ಹೇಳುತ್ತಾರೆ. ನಾನು ಆ ತಿಂಗಳ ಕಂತು, ಬಂದಿದ್ದ ಕಾರ್ಡಿನ ಬಿಲ್ಲು, ಕೊಡಬೇಕಿದ್ದ ಕರೆಂಟು ಬಿಲ್ಲು ಮಾತ್ರ ಕಳೆದೆ. ಮುಂದಿನ ತಿಂಗಳ ಖರ್ಚು ಇನ್ನೂ ಸಾಲ ಅಲ್ಲ, ಅದನ್ನು ಕಳೆಯಲಿಲ್ಲ.

ಚಿನ್ನದ ಬೆಲೆ, ಬೆಳ್ಳಿಯ ಬೆಲೆ, ಹಣ, ಬರಬೇಕಾದದ್ದು, ಷೇರು ಎಲ್ಲ ಕೂಡಿಸಿ, ಈ ಬಾಕಿ ಕಳೆದು, 40ರಿಂದ ಭಾಗಿಸಿದಾಗ ಬಂದ ಮೊತ್ತವನ್ನು ಅದೇ ರಾತ್ರಿ ಬೇರೆ ಖಾತೆಗೆ ಹಾಕಿದೆ. ಹಾಕುವಾಗಲೇ ಝಕಾತಿನ ನಿಯ್ಯತ್ ಮಾಡಿಕೊಂಡೆ. ಹೀಗೆ ಬೇರ್ಪಡಿಸುವಾಗ ನಿಯ್ಯತ್ ಮಾಡಿದರೆ ಕೊಡುವಾಗ ಪ್ರತಿ ಸಲ ಮಾಡದಿದ್ದರೂ ನಡೆಯುತ್ತದೆ. ಒಡವೆಯೇ ಜಾಸ್ತಿ ಇದ್ದು ಕೈಯಲ್ಲಿ ಹಣ ಇಲ್ಲದ ಹೆಂಗಸರು ಏನು ಮಾಡಬೇಕು ಅನ್ನುವುದೂ ದೊಡ್ಡ ಪ್ರಶ್ನೆ. ಗಂಡ ಕೊಟ್ಟರೆ ಆಯಿತು. ಇಲ್ಲದಿದ್ದರೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಮುಂಗಡ ಕೊಡುತ್ತಾ ಬರಬಹುದು. ಅದೂ ಆಗದಿದ್ದರೆ ಒಂದು ಸಣ್ಣ ಒಡವೆಯನ್ನಾದರೂ ಮಾರಬೇಕಾಗುತ್ತದೆ. ಹಳೆಯ ವರ್ಷಗಳದ್ದು ಬಾಕಿ ಇದ್ದರೆ ಅದು ಮಾಫಿ ಆಗುವುದಿಲ್ಲ, ಸಾಲವಾಗಿ ಉಳಿಯುತ್ತದೆ.

ಯಾರಿಗೆ ಕೊಡಬೇಕು ಅನ್ನುವುದನ್ನು ಕುರ್‌ಆನ್ 9ನೇ ಅಧ್ಯಾಯದ 60ನೇ ವಚನದಲ್ಲಿ ಎಂಟು ವರ್ಗಗಳಾಗಿ ಹೇಳಿದೆ. ಬಡವರು, ಏನೂ ಇಲ್ಲದ ನಿರ್ಗತಿಕರು, ಝಕಾತ್ ಸಂಗ್ರಹಿಸುವ ಕೆಲಸಗಾರರು, ಮನಸ್ಸು ಒಲಿಸಬೇಕಾದವರು, ಗುಲಾಮಗಿರಿಯಿಂದ ಬಿಡಿಸಬೇಕಾದವರು, ಸಾಲದಲ್ಲಿ ಮುಳುಗಿದವರು, ಅಲ್ಲಾಹನ ಮಾರ್ಗದಲ್ಲಿರುವವರು, ದಾರಿಯಲ್ಲಿ ಕೈ ಬರಿದಾದ ಪ್ರಯಾಣಿಕರು. ತಂದೆ ತಾಯಿ, ಅಜ್ಜ ಅಜ್ಜಿ, ಮಕ್ಕಳು ಮೊಮ್ಮಕ್ಕಳಿಗೆ ಕೊಡುವ ಹಾಗಿಲ್ಲ. ಅವರನ್ನು ನೋಡಿಕೊಳ್ಳುವುದು ಹೇಗೂ ನಮ್ಮ ಕರ್ತವ್ಯ. ಅಣ್ಣ ತಮ್ಮ, ಅಕ್ಕ ತಂಗಿ, ಚಿಕ್ಕಮ್ಮ, ಮಾವ, ಇವರು ನಿಜವಾಗಿ ಕಷ್ಟದಲ್ಲಿದ್ದರೆ ಕೊಡಬಹುದು. ಕೊಡುವುದು ಹೆಚ್ಚು ಒಳ್ಳೆಯದು. ಬಡ ಸಂಬಂಧಿಕರಿಗೆ ಕೊಟ್ಟರೆ ದಾನದ ಪುಣ್ಯವೂ ಇದೆ, ಸಂಬಂಧ ಕಾಪಾಡಿದ ಪುಣ್ಯವೂ ಇದೆ ಅಂತ ಹದೀಸ್‌ನಲ್ಲಿದೆ.

ನಮ್ಮ ಚಿಕ್ಕಪ್ಪನ ಮಗಳೊಬ್ಬಳು ನನಗೆ ಹಣ ಕೊಡಬೇಕಿತ್ತು. ಗಂಡನ ಕೆಲಸ ಹೋಗಿ ಮನೆ ನಡೆಸುವುದೇ ಕಷ್ಟವಾಗಿತ್ತು. ಆ ಸಾಲವನ್ನು ಮನ್ನಾ ಮಾಡಿ ಝಕಾತ್ ಅಂತ ಎಣಿಸಬಹುದಾ ಅಂತ ಕೇಳಿದೆ. ಆಗುವುದಿಲ್ಲ ಅಂದರು ಆಪಾ. ಝಕಾತ್ ಅಂದರೆ ಹಣ ಅವರ ಕೈಗೆ ಹೋಗಿ ಅವರದ್ದಾಗಬೇಕು. ಅವಳಿಗೆ ಝಕಾತ್ ಹಣ ಕೊಡು, ಯಾವ ಷರತ್ತೂ ಹಾಕಬೇಡ. ಅದರಿಂದ ಸಾಲ ತೀರಿಸುವುದೋ ಮಕ್ಕಳ ಫೀಸು ಕಟ್ಟುವುದೋ ಅವಳಿಗೆ ಬಿಟ್ಟದ್ದು. ಮಸೀದಿ ಕಟ್ಟಲು ಝಕಾತ್ ಹಣ ಕೊಡಬಾರದು ಅನ್ನುವುದಕ್ಕೂ ಇದೇ ಕಾರಣ, ಅಲ್ಲಿ ಪಡೆದು ತನ್ನದಾಗಿಸಿಕೊಳ್ಳುವ ಬಡವ ಇಲ್ಲ.

ಅವಳಿಗೆ ಕೊಡುವಾಗ ಝಕಾತ್ ಅಂತ ಹೇಳಲಿಲ್ಲ. ಹೇಳಬೇಕಾಗಿಲ್ಲ, ನಿಯ್ಯತ್ ನನ್ನಲ್ಲಿದ್ದರೆ ಸಾಕು. ಫೋನಿನಲ್ಲೇ ಕಳಿಸಿ, "ಮಕ್ಕಳಿಗೆ ಇರಲಿ" ಅಂದೆ. "ಆಪಾ, ನಿಮ್ಮ ಬಾಕಿನೇ ಇದೆಯಲ್ಲ" ಅಂದಳು. ಅದರ ಮಾತು ಈಗ ಬೇಡ ಅಂದೆ. ಇನ್ನೊಂದು ಪಾಲು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ಒಬ್ಬರಿಗೆ ಹೋಯಿತು. ಆಸ್ಪತ್ರೆಗೆ ನೇರ ಕಟ್ಟುವ ಮೊದಲು ಅವರ ಒಪ್ಪಿಗೆ ಕೇಳಿ, ಅವರ ಪರವಾಗಿ ಕಟ್ಟಿದೆ. ಉಳಿದದ್ದನ್ನು ಇಬ್ಬರು ವಿಧವೆಯರಿಗೆ ಕೊಟ್ಟೆ. ಚಿಲ್ಲರೆ ಚಿಲ್ಲರೆಯಾಗಿ ನೂರು ಜನಕ್ಕೆ ಹಂಚುವುದಕ್ಕಿಂತ, ಒಬ್ಬರ ಒಂದು ಕಷ್ಟ ಪೂರ್ತಿ ತೀರುವ ಹಾಗೆ ಕೊಡುವುದು ನನಗೆ ಸರಿ ಅನ್ನಿಸುತ್ತದೆ.

ಶಅಬಾನ್ ಮೊದಲ ವಾರಕ್ಕೆ ಆ ಖಾತೆ ಖಾಲಿಯಾಯಿತು. ಒಡವೆಗಳ ತೂಕ, ತಮ್ಮನ ಸಾಲ, ಯಾವ ಪ್ರಶ್ನೆಗೆ ಏನು ಉತ್ತರ ಸಿಕ್ಕಿತು, ಎಲ್ಲ ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅದು ಎಲ್ಲಿದೆ ಅಂತ ಮನೆಯವರಿಗೂ ಹೇಳಿದ್ದೇನೆ. ಮುಂದಿನ ರಜಬ್ 12ರ ಒಳಗೆ ನನಗೇನಾದರೂ ಆದರೆ, ಯಾರ ಹಕ್ಕು ಎಷ್ಟು ಬಾಕಿ ಇದೆ ಅಂತ ಅವರಿಗೆ ತಿಳಿಯಬೇಕು.